ಹೆಸರಿನ ಬಾಲ ನೋಡಿ: ಕಳ್ಳ ಲಿಂಕು, ವೈರಸ್ಸುಗಳಿಂದ ಮೊಬೈಲ್ ಮತ್ತು ಕಂಪ್ಯೂಟರನ್ನು ಕಾಪಾಡಿಕೊಳ್ಳುವ ಬಗೆ

ಮಂಡ್ಯದಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕರೆಯೋಲೆ, ತಿಥಿ ಕಾರ್ಡು ಮಾಡಿಕೊಡುವುದು ಕಸುಬು. ನಡುನಡುವೆ ಕಂಪ್ಯೂಟರ್ ರಿಪೇರಿ. ಒಂದು ಮಧ್ಯಾಹ್ನ ಹಳ್ಳಿಯಿಂದ ಬಂದ ಗೌಡರೊಬ್ಬರು ಮೊಬೈಲನ್ನು ಮೇಜಿನ ಮೇಲಿಟ್ಟು, ‘ಬೀಗರ ಕಡೆಯಿಂದ ವಾಟ್ಸ್‌ಆ್ಯಪ್‌ನಲ್ಲಿ ಲಗ್ನಪತ್ರಿಕೆ ಬಂದಿದೆ. ಎಷ್ಟು ಒತ್ತಿದರೂ ತೆರೆಯುತ್ತಿಲ್ಲ ಕಣಪ್ಪ. ಒಂದು ಪ್ರಿಂಟ್ ಹಾಕಿಕೊಡು’ ಎಂದರು. ಫೈಲಿನ ಹೆಸರು ಮದುವೆಯ ಆಮಂತ್ರಣವೆಂದೇ ಇತ್ತು. ಆದರೆ ಚುಕ್ಕೆಯ ನಂತರದ ಕೊನೆಯ ಮೂರು ಅಕ್ಷರ ಎ, ಪಿ, ಕೆ. ಅಂದರೆ ಅದು ಪತ್ರಿಕೆಯಲ್ಲ, ಆ್ಯಪ್. ಗೌಡರು ಅದನ್ನು ಮೂರು ಸಲ ಒತ್ತಿ, ಕೇಳಿದ್ದಕ್ಕೆಲ್ಲ ‘ಅಲೋ’ ಎಂದು ಅಪ್ಪಣೆ ಕೊಟ್ಟಾಗಿತ್ತು.

ಇಂಥ ಆ್ಯಪ್ ಮಾಡುವ ಕೆಲಸ ಸರಳ. ಒಳಗೆ ಸೇರಿದ ಕೂಡಲೇ ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ; ಆಮೇಲೆ ಬ್ಯಾಂಕಿನಿಂದ ಬರುವ ಒಟಿಪಿಯನ್ನು ಯಜಮಾನನಿಗಿಂತ ಮೊದಲೇ ಕಳ್ಳನಿಗೆ ರವಾನಿಸುತ್ತದೆ. ಸಾಲದ್ದಕ್ಕೆ, ಕಳ್ಳರು ವಾಟ್ಸ್‌ಆ್ಯಪ್ ಕಳಿಸುವ ಒಟಿಪಿಯನ್ನೂ ಹೀಗೆಯೇ ಕದ್ದು ನಿಮ್ಮ ಖಾತೆಯನ್ನು ವಶಪಡಿಸಿಕೊಂಡು, ಅದೇ ‘ಆಮಂತ್ರಣ’ವನ್ನು ನಿಮ್ಮ ನೆಂಟರಿಷ್ಟರಿಗೆಲ್ಲ ಹಂಚುವುದುಂಟು. ಬೀಗರಿಂದ ಬಂದದ್ದು ಹೀಗೆಯೇ. ಬೀಗರು ಕಳಿಸಿದ್ದಲ್ಲ, ಬೀಗರ ಹೆಸರಿನಲ್ಲಿ ಬಂದದ್ದು. ಆದ್ದರಿಂದ ‘ಪರಿಚಯದವರಿಂದ ಬಂದರೆ ತೆರೆಯಬಹುದು’ ಎಂಬ ಹಳೆಯ ಬುದ್ಧಿಮಾತನ್ನು ಇಲ್ಲಿಗೇ ಕೈಬಿಡಿ.

ಇಷ್ಟು ವರ್ಷ ಇದೇ ಕಸುಬು ಮಾಡಿ ನನಗೆ ಗೊತ್ತಾಗಿರುವುದು ಒಂದೇ: ಮೋಸವೆಲ್ಲ ಹೆಸರಿನ ತಲೆಯಲ್ಲಿರುತ್ತದೆ, ನಿಜ ಬಾಲದಲ್ಲಿರುತ್ತದೆ. ಲಿಂಕಿಗೂ ಅಷ್ಟೇ, ಫೈಲಿಗೂ ಅಷ್ಟೇ.

ಮೊದಲ ಹೆಜ್ಜೆ: ಲಿಂಕನ್ನು ಒತ್ತುವ ಮೊದಲು ಓದುವುದು

ಮೊಬೈಲಿನಲ್ಲಿ ಲಿಂಕಿನ ಮೇಲೆ ಬೆರಳಿಟ್ಟು ಎರಡು ಸೆಕೆಂಡು ಹಾಗೆಯೇ ಹಿಡಿಯಿರಿ. ಹೆಚ್ಚಿನ ಆ್ಯಪ್‌ಗಳಲ್ಲಿ ಪುಟ ತೆರೆಯುವುದಿಲ್ಲ, ಪೂರ್ತಿ ವಿಳಾಸ ಕಾಣುತ್ತದೆ ಅಥವಾ ನಕಲು ಮಾಡಿಕೊಳ್ಳುವ ಆಯ್ಕೆ ಬರುತ್ತದೆ. ಕಂಪ್ಯೂಟರಿನಲ್ಲಾದರೆ ಮೌಸನ್ನು ಲಿಂಕಿನ ಮೇಲೆ ತಂದು ಕ್ಲಿಕ್ ಮಾಡದೆ ನಿಲ್ಲಿಸಿ. ಬ್ರೌಸರಿನ ಕೆಳಗಿನ ಎಡಮೂಲೆಯಲ್ಲಿ ನಿಜವಾದ ವಿಳಾಸ ತೋರುತ್ತದೆ. ನೀಲಿ ಅಕ್ಷರದಲ್ಲಿ ಬರೆದಿರುವುದೇ ಒಂದು, ಅದು ಕರೆದೊಯ್ಯುವ ಜಾಗವೇ ಇನ್ನೊಂದು ಆಗಿರಬಹುದು.

ವಿಳಾಸ ಸಿಕ್ಕಿತು. ಈಗ ಓದುವ ಕ್ರಮ. ಆರಂಭದ ಎಚ್‌ಟಿಟಿಪಿಎಸ್, ಎರಡು ಚುಕ್ಕೆ, ಎರಡು ಓರೆಗೆರೆಗಳನ್ನು ಬಿಡಿ. ಅಲ್ಲಿಂದ ಮುಂದೆ ಸಿಗುವ ಮೊದಲ ಒಂಟಿ ಓರೆಗೆರೆಯವರೆಗೆ ಮಾತ್ರ ನಿಮ್ಮ ಗಮನವಿರಲಿ. ಅದರಾಚೆ ಇರುವುದೆಲ್ಲ ಬರಿಯ ಅಲಂಕಾರ. ಆ ತುಂಡನ್ನು ಬಲದಿಂದ ಎಡಕ್ಕೆ ಓದಿ.

ನಮ್ಮ ಕಡೆಯವರಿಗೆ ಇದು ಕಷ್ಟವಾಗಬಾರದು. ನಮ್ಮ ಹೆಸರುಗಳನ್ನೇ ನೋಡಿ. ಮೊದಲು ಊರು, ಆಮೇಲೆ ಅಪ್ಪನ ಹೆಸರು, ಕೊನೆಯಲ್ಲಿ ಆಸಾಮಿ. ಮದ್ದೂರು ಚಿಕ್ಕೇಗೌಡ ಶಿವಣ್ಣ ಎಂದರೆ ಬಂದಿರುವವರು ಶಿವಣ್ಣ. ಮದ್ದೂರೂ ಅಲ್ಲ, ಚಿಕ್ಕೇಗೌಡರೂ ಅಲ್ಲ. ಲಿಂಕಿನಲ್ಲೂ ಆಸಾಮಿ ಕೊನೆಯಲ್ಲಿರುತ್ತಾನೆ. ಅವನ ಎಡಕ್ಕೆ ಚುಕ್ಕೆ ಹಾಕಿ ಯಾವ ದೊಡ್ಡ ಹೆಸರನ್ನು ಬೇಕಾದರೂ ಅಂಟಿಸಿಕೊಳ್ಳುವ ಸ್ವಾತಂತ್ರ್ಯ ಅವನಿಗಿದೆ.

ಪಿಎಂ ಕಿಸಾನ್ ಯೋಜನೆಯನ್ನೇ ತೆಗೆದುಕೊಳ್ಳೋಣ. ವರ್ಷಕ್ಕೆ 6,000 ರೂಪಾಯಿ, 2,000ದ ಮೂರು ಕಂತು. ನಮ್ಮ ಜಿಲ್ಲೆಯ ಕಬ್ಬು, ಭತ್ತದ ರೈತರೆಲ್ಲರಿಗೂ ಪರಿಚಿತ. ಅದರ ನಿಜವಾದ ವಿಳಾಸ ಪಿಎಂಕಿಸಾನ್ ಡಾಟ್ ಗವ್ ಡಾಟ್ ಇನ್. ಗವ್ ಡಾಟ್ ಇನ್ ಎಂಬ ಬಾಲ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುತ್ತದೆ. ಈಗ ಇದನ್ನು ನೋಡಿ: ಪಿಎಂಕಿಸಾನ್ ಡಾಟ್ ಗವ್ ಡಾಟ್ ಇನ್ ಡಾಟ್ ಹೊಸಕಂತು ಡಾಟ್ ಟಾಪ್. ಅವಸರದ ಕಣ್ಣು ಗವ್ ಡಾಟ್ ಇನ್ ಕಂಡ ಕೂಡಲೇ ನಿಂತುಬಿಡುತ್ತದೆ. ಬಾಲದಿಂದ ಓದಿದರೆ ಆಸಾಮಿ ಹೊಸಕಂತು ಡಾಟ್ ಟಾಪ್. ಸರ್ಕಾರದ ಹೆಸರೆಲ್ಲ ಅವನು ಹೆಗಲಿಗೆ ಹಾಕಿಕೊಂಡ ಶಲ್ಯ.

ಬ್ಯಾಂಕುಗಳಿಗೂ ಈಗ ಇಂಥದೊಂದು ಗುರುತು ಬಂದಿದೆ. ಬ್ಯಾಂಕ್ ಡಾಟ್ ಇನ್ ಎಂಬ ಬಾಲವನ್ನು ಬ್ಯಾಂಕುಗಳಿಗಷ್ಟೇ ಮೀಸಲಿಟ್ಟ ರಿಸರ್ವ್ ಬ್ಯಾಂಕ್, 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ಅದಕ್ಕೆ ಬದಲಾಗಬೇಕೆಂದು ಸೂಚಿಸಿತ್ತು. ಇಲ್ಲೊಂದು ಸೂಕ್ಷ್ಮವಿದೆ: ಬ್ಯಾಂಕಿನ ಹೆಸರು, ಚುಕ್ಕೆ, ಬ್ಯಾಂಕ್, ಚುಕ್ಕೆ, ಇನ್ ಎಂದಿರಬೇಕು. ಮೊದಲ ಚುಕ್ಕೆಯ ಜಾಗದಲ್ಲಿ ಅಡ್ಡಗೆರೆ ಇದ್ದರೆ ಅದು ಬೇರೆಯೇ ವಿಳಾಸ. ಬರಿಯ ‘ಇನ್’ ಬಾಲದ ವಿಳಾಸವನ್ನು ಯಾರು ಬೇಕಾದರೂ ಕೆಲವು ನೂರು ರೂಪಾಯಿಗೆ ಕೊಳ್ಳಬಹುದು. ಒಂದು ಚುಕ್ಕೆ, ಒಂದು ಗೆರೆ. ಕರಡು ತಿದ್ದುವವರಿಗೆ ಇದು ಅರ್ಥವಾಗುತ್ತದೆ. ‘ದ’ದ ಕೆಳಗೆ ಸಣ್ಣದೊಂದು ಸೀಳು ಬಿದ್ದರೆ ‘ಧ’ ಆಗುವುದಿಲ್ಲವೇ? ಇಂಗ್ಲಿಷಿನಲ್ಲಿಯೂ ಆರ್ ಮತ್ತು ಎನ್ ಪಕ್ಕಪಕ್ಕ ಕುಳಿತರೆ ಸಣ್ಣ ತೆರೆಯಲ್ಲಿ ಎಂ ಥರವೇ ಕಾಣುತ್ತದೆ. ಸೊನ್ನೆ ಓ ಆಗುತ್ತದೆ, ಒಂದು ಎಲ್ ಆಗುತ್ತದೆ.

ಬ್ರೌಸರಿನಲ್ಲಿ ವಿಳಾಸದ ಪಕ್ಕ ಕಾಣುವ ಬೀಗದ ಚಿಹ್ನೆಯನ್ನು ನಂಬಿಕೊಂಡಿರುವವರು ಇನ್ನೂ ಇದ್ದಾರೆ. ನಿಮಗೂ ಆ ಜಾಲತಾಣಕ್ಕೂ ನಡುವಿನ ಮಾತುಕತೆಯನ್ನು ಮೂರನೆಯವರು ಕದ್ದು ಕೇಳಲಾರರು ಎಂಬುದಷ್ಟೇ ಅದರ ಅರ್ಥ. ಆ ಕಡೆ ಇರುವವನೇ ಕಳ್ಳನಾದರೆ? ಆ ಬೀಗಕ್ಕೆ ಬೇಕಾದ ಪ್ರಮಾಣಪತ್ರ ಕಳ್ಳನಿಗೂ ಉಚಿತವಾಗಿ ಸಿಗುತ್ತದೆ. ಜನ ತಪ್ಪು ತಿಳಿಯುತ್ತಾರೆಂದೇ ಗೂಗಲ್ ಕ್ರೋಮ್ 2023ರಲ್ಲಿ ಆ ಬೀಗವನ್ನು ತೆಗೆದು ಬೇರೆ ಚಿಹ್ನೆ ಇಟ್ಟಿತು.

ಉದ್ದ ವಿಳಾಸವನ್ನು ಮೋಟು ಮಾಡಿದ ತುಂಡು ಲಿಂಕುಗಳಲ್ಲಿ ಮತ್ತು ಕ್ಯುಆರ್ ಕೋಡಿನಲ್ಲಿ ಬಾಲವೇ ಕಾಣುವುದಿಲ್ಲ. ಬಾಲ ಕಾಣದ್ದನ್ನು ನಾನು ತೆರೆಯುವುದಿಲ್ಲ, ಅಷ್ಟೇ. ಹಣ ಪಡೆಯಲು ಕ್ಯುಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಎಂದರಂತೂ ಫೋನ್ ಇಡಿ. ಪಿನ್ ಬೇಕಾಗುವುದು ಹಣ ಕೊಡುವವರಿಗೆ, ಪಡೆಯುವವರಿಗಲ್ಲ.

ಎರಡನೆಯ ಹೆಜ್ಜೆ: ಲಿಂಕಿನ ದಾರಿಯನ್ನೇ ಬಿಡುವುದು

ಇಷ್ಟೆಲ್ಲ ಓದುವ ತಾಳ್ಮೆ ಇಲ್ಲದವರಿಗೆ ಇನ್ನೂ ಸುಲಭದ ದಾರಿಯೊಂದಿದೆ. ಬಂದ ಸುದ್ದಿ ನಿಜವೇ ಆಗಿರಲಿ, ಲಿಂಕಿನ ಮೂಲಕ ಹೋಗಬೇಡಿ. ನಿಮ್ಮ ಬಾಗಿಲಿನಿಂದಲೇ ಹೋಗಿ.

‘ಇಂದು ರಾತ್ರಿ 9.30ಕ್ಕೆ ನಿಮ್ಮ ವಿದ್ಯುತ್ ಸಂಪರ್ಕ ಕಡಿತಗೊಳ್ಳಲಿದೆ, ಈ ಸಂಖ್ಯೆಗೆ ಕರೆ ಮಾಡಿ’ ಎಂಬ ಸಂದೇಶ ಎಷ್ಟು ಜನರನ್ನು ಗಾಬರಿ ಬೀಳಿಸಿಲ್ಲ! ಮೈಸೂರು, ಮಂಡ್ಯದ ಮನೆಗಳಿಗೆ ಕರೆಂಟು ಕೊಡುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಬಾಕಿ ಇದೆಯೇ ಎಂಬ ಅನುಮಾನವಿದ್ದರೆ ಕಳೆದ ತಿಂಗಳ ಬಿಲ್ಲಿನ ಚೀಟಿ ತೆಗೆದು ನೋಡಿ, ಹತ್ತಿರದ ಕಚೇರಿಗೆ ಹೋಗಿ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು ಬರುವ ಮನೆಯವರೂ ‘ಬಾಕಿ’ ಎಂಬ ಪದ ಕಂಡು ಬೆವರಿ ನನ್ನ ಅಂಗಡಿಗೆ ಬಂದದ್ದುಂಟು. ಗಾಬರಿಯ ಮುಂದೆ ಲೆಕ್ಕ ನಿಲ್ಲುವುದಿಲ್ಲ.

ಗೃಹಲಕ್ಷ್ಮಿಯೂ ಹಾಗೆಯೇ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿಯೇ ಚಾಲನೆಗೊಂಡ ಯೋಜನೆ ಅದು. ಕಂತು ಬಂತೇ, ತಡವಾಯಿತೇ ಎಂಬ ಮಾತು ಇಲ್ಲಿನ ಪ್ರತಿ ಮನೆಯಲ್ಲೂ ಇದೆ. ‘ಬಾಕಿ ಕಂತಿಗೆ ಇಲ್ಲಿ ಒತ್ತಿ’ ಎಂಬ ಲಿಂಕಿಗೆ ಬಲಿಯಾಗಲು ಅಷ್ಟು ಸಾಕು. ಗ್ರಾಮ ಒನ್ ಅಥವಾ ಕರ್ನಾಟಕ ಒನ್ ಕೇಂದ್ರದಲ್ಲಿ ವಿಚಾರಿಸಿ. ಸಂಚಾರ ದಂಡದ ಚಲನ್ ಬಂದಿದೆ ಎಂದರೆ ಪರಿವಾಹನ್ ಡಾಟ್ ಗವ್ ಡಾಟ್ ಇನ್‌ನಲ್ಲಿ ನೀವೇ ಟೈಪ್ ಮಾಡಿ ಹೋಗಿ ವಾಹನ ಸಂಖ್ಯೆ ಹಾಕಿ ನೋಡಿ. ದಸರಾ ಸಮಯದಲ್ಲಿ ಮೆರವಣಿಗೆ ನೋಡುವ ಗೋಲ್ಡ್ ಕಾರ್ಡ್ ಪಾಸನ್ನು ಅರ್ಧ ಬೆಲೆಗೆ ಕೊಡುತ್ತೇವೆ ಎನ್ನುವವರಿಂದಲೂ ದೂರವಿರಿ.

ಎಸ್‌ಎಂಎಸ್‌ಗೂ ಒಂದು ಬಾಲವಿದೆ, ಹೆಚ್ಚಿನವರು ಗಮನಿಸಿಲ್ಲ. 2025ರ ಮೇ ತಿಂಗಳಿನಿಂದ ಸಂಸ್ಥೆಗಳು ಕಳಿಸುವ ಸಂದೇಶಗಳ ಕಳುಹಿಸುವವರ ಹೆಸರಿನ ಕೊನೆಗೆ ಗೆರೆ ಹಾಕಿ ಇಂಗ್ಲಿಷಿನ ಒಂದು ಅಕ್ಷರ ಬರುತ್ತಿದೆ: ಜಾಹೀರಾತಾದರೆ ಪಿ, ಸೇವೆಯ ಸಂದೇಶವಾದರೆ ಎಸ್, ವಹಿವಾಟಾದರೆ ಟಿ, ಸರ್ಕಾರದ್ದಾದರೆ ಜಿ. ಬ್ಯಾಂಕಿನ ಹೆಸರು ಹೇಳಿಕೊಂಡು ಹತ್ತಂಕಿಯ ಸಾಮಾನ್ಯ ಮೊಬೈಲ್ ಸಂಖ್ಯೆಯಿಂದ ಸಂದೇಶ ಬಂದರೆ ಓದುವ ಶ್ರಮವೂ ಬೇಡ. ವಾಟ್ಸ್‌ಆ್ಯಪ್‌ನಲ್ಲಿ ಬ್ಯಾಂಕಿನ ಲಾಂಛನವನ್ನು ಚಿತ್ರವಾಗಿ ಇಟ್ಟುಕೊಳ್ಳಲು ಯಾರಪ್ಪಣೆಯೂ ಬೇಕಿಲ್ಲ ಎಂಬುದೂ ನೆನಪಿರಲಿ.

ಮೂರನೆಯ ಹೆಜ್ಜೆ: ಫೈಲಿನ ಬಾಲ

ಲಗ್ನಪತ್ರಿಕೆ ಎಂದರೆ ಜೆಪಿಜಿ ಆಗಿರುತ್ತದೆ, ಪಿಡಿಎಫ್ ಆಗಿರುತ್ತದೆ, ಈಚೆಗೆ ಹಾಡು ಸೇರಿಸಿದ ಎಂಪಿ4 ವಿಡಿಯೊ ಆಗಿರುತ್ತದೆ. ನನ್ನ ಅಂಗಡಿಯಿಂದ ಎಪಿಕೆ ಬಾಲದ ಲಗ್ನಪತ್ರಿಕೆ ಇಂದಿಗೂ ಹೊರಗೆ ಹೋಗಿಲ್ಲ. ಬ್ಯಾಂಕಿನ ಕೆವೈಸಿ, ಚಲನ್, ಕಿಸಾನ್ ಕಂತು, ಯಾವ ಹೆಸರಿನಲ್ಲೇ ಬರಲಿ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಪಿಕೆಯನ್ನು ಮುಟ್ಟದೆ ಅಳಿಸಿ.

ಕಂಪ್ಯೂಟರಿನಲ್ಲಿ ಭಯಪಡಬೇಕಾದ ಬಾಲಗಳು ಹೆಚ್ಚು: ಇಎಕ್ಸ್‌ಇ, ಎಸ್‌ಸಿಆರ್, ಬಿಎಟಿ, ವಿಬಿಎಸ್, ಜೆಎಸ್, ಎಂಎಸ್‌ಐ, ಎಲ್‌ಎನ್‌ಕೆ. ತೊಂದರೆ ಏನೆಂದರೆ ವಿಂಡೋಸ್ ಈ ಬಾಲವನ್ನು ತಾನಾಗಿಯೇ ಬಚ್ಚಿಡುತ್ತದೆ. 2000ದ ಮೇ ತಿಂಗಳಲ್ಲಿ ಜಗತ್ತಿನ ಕಂಪ್ಯೂಟರುಗಳನ್ನೆಲ್ಲ ಕಂಗೆಡಿಸಿದ ‘ಐ ಲವ್ ಯೂ’ ವೈರಸ್ ಇದನ್ನೇ ಬಳಸಿಕೊಂಡಿತು. ಇಮೇಲಿನಲ್ಲಿ ಬಂದ ಪ್ರೇಮಪತ್ರದ ಹೆಸರು ಟಿಎಕ್ಸ್‌ಟಿ ಎಂದು ಮುಗಿದಂತೆ ಕಾಣುತ್ತಿತ್ತು. ಅದರಾಚೆ ಇದ್ದ ವಿಬಿಎಸ್ ಎಂಬ ನಿಜವಾದ ಬಾಲ ಮರೆಯಾಗಿತ್ತು. ತೆರೆದವರ ವಿಳಾಸಪುಸ್ತಕದಲ್ಲಿದ್ದ ಎಲ್ಲರಿಗೂ ಅದು ತನ್ನನ್ನೇ ಕಳಿಸಿಕೊಂಡಿತು. ಅಂದು ಪ್ರೇಮಪತ್ರ, ಇಂದು ಲಗ್ನಪತ್ರಿಕೆ. ಕಾಲು ಶತಮಾನದಲ್ಲಿ ಸಂಬಂಧ ಒಂದು ಹಂತ ಮುಂದೆ ಹೋಗಿದೆ, ಉಪಾಯ ಮಾತ್ರ ಅದೇ.

ಆದ್ದರಿಂದ ಈಗಲೇ ಒಂದು ಕೆಲಸ ಮಾಡಿ. ವಿಂಡೋಸ್ 11ರಲ್ಲಿ ಯಾವುದಾದರೂ ಫೋಲ್ಡರ್ ತೆರೆದು ಮೇಲಿನ ವ್ಯೂ ಒತ್ತಿ, ಅದರಲ್ಲಿ ಶೋ, ಅದರಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಎಂಬುದಕ್ಕೆ ಗುರುತು ಹಾಕಿ. ಇನ್ನು ಮುಂದೆ ಪಿಡಿಎಫ್ ಡಾಟ್ ಇಎಕ್ಸ್‌ಇ ಎಂಬ ಎರಡು ಬಾಲದ ಪ್ರಾಣಿ ಬಂದರೆ ಕಣ್ಣಿಗೆ ಬೀಳುತ್ತದೆ. ವರ್ಡ್ ಅಥವಾ ಎಕ್ಸೆಲ್ ಕಡತ ತೆರೆದಾಗ ಹಳದಿ ಪಟ್ಟಿಯಲ್ಲಿ ‘ಎನೇಬಲ್ ಕಂಟೆಂಟ್’ ಎಂದು ಕೇಳಿದರೆ ಒತ್ತಬೇಡಿ. ಪಾಸ್‌ವರ್ಡ್ ಸಮೇತ ಬರುವ ಜಿಪ್ ಕಡತವೂ ಅನುಮಾನಕ್ಕೆ ಅರ್ಹ. ಬೀಗ ಹಾಕಿದ ಪೆಟ್ಟಿಗೆಯೊಳಗೆ ಆ್ಯಂಟಿವೈರಸ್ ಇಣುಕಲಾರದು.

ಅನುಮಾನದ ಫೈಲು ಅಥವಾ ಲಿಂಕನ್ನು ವೈರಸ್‌ಟೋಟಲ್ ಎಂಬ ತಾಣಕ್ಕೆ ಹಾಕಿದರೆ ಹತ್ತಾರು ಆ್ಯಂಟಿವೈರಸ್‌ಗಳು ಒಟ್ಟಿಗೆ ಪರೀಕ್ಷಿಸಿ ಹೇಳುತ್ತವೆ. ಆಧಾರ್, ಪಹಣಿಯಂಥ ಸ್ವಂತ ದಾಖಲೆಗಳನ್ನು ಅಲ್ಲಿ ಹಾಕಬೇಡಿ. ಅಲ್ಲಿಗೆ ಹೋದ ಫೈಲುಗಳು ಬೇರೆಯವರ ಕೈಗೂ ಸಿಗುತ್ತವೆ.

ನಾಲ್ಕನೆಯ ಹೆಜ್ಜೆ: ಮೊಬೈಲಿನ ಬಾಗಿಲು ಭದ್ರಪಡಿಸುವುದು

ಸೆಟ್ಟಿಂಗ್ಸ್ ತೆರೆದು ಮೇಲಿನ ಹುಡುಕುವ ಜಾಗದಲ್ಲಿ ‘ಅನ್‌ನೋನ್ ಆ್ಯಪ್ಸ್’ ಎಂದು ಟೈಪ್ ಮಾಡಿ. ಪ್ಲೇ ಸ್ಟೋರ್ ಬಿಟ್ಟು ಬೇರೆ ದಾರಿಯಿಂದ ಆ್ಯಪ್ ಹಾಕಲು ಯಾವ ಯಾವ ಆ್ಯಪ್‌ಗಳಿಗೆ ಅನುಮತಿ ಇದೆ ಎಂಬ ಪಟ್ಟಿ ಬರುತ್ತದೆ. ವಾಟ್ಸ್‌ಆ್ಯಪ್, ಕ್ರೋಮ್, ಫೈಲ್ಸ್, ಎಲ್ಲದರ ಎದುರೂ ಆಫ್ ಇರಬೇಕು. ಆಮೇಲೆ ‘ಆ್ಯಕ್ಸೆಸಿಬಿಲಿಟಿ’ ಎಂದು ಹುಡುಕಿ. ಕಣ್ಣು, ಕಿವಿಯ ತೊಂದರೆ ಇರುವವರಿಗೆಂದು ಮಾಡಿದ ಸೌಲಭ್ಯವಿದು. ಇದನ್ನು ಪಡೆದ ಆ್ಯಪ್ ತೆರೆಯ ಮೇಲಿರುವುದನ್ನು ಓದಬಲ್ಲದು, ನಿಮ್ಮ ಪರವಾಗಿ ಬೆರಳೂ ಒತ್ತಬಲ್ಲದು. ಕಳ್ಳ ಆ್ಯಪ್‌ಗಳಿಗೆ ಇದಕ್ಕಿಂತ ದೊಡ್ಡ ವರ ಬೇಕಿಲ್ಲ. ನೀವು ಗುರುತಿಸದ ಹೆಸರು ಅಲ್ಲಿದ್ದರೆ ತೆಗೆಯಿರಿ. ಹಾಗೆಯೇ ಎಸ್‌ಎಂಎಸ್ ಅನುಮತಿ ಯಾರಿಗೆಲ್ಲ ಇದೆ ಎಂದು ನೋಡಿ. ಟಾರ್ಚ್ ಆ್ಯಪ್‌ಗೆ ನಿಮ್ಮ ಎಸ್‌ಎಂಎಸ್ ಓದಿ ಆಗಬೇಕಾದ್ದೇನು?

ವಾಟ್ಸ್‌ಆ್ಯಪ್‌ನಲ್ಲಿ ಎರಡು ಹಂತದ ಪರಿಶೀಲನೆ ಹಾಕಿ ಆರಂಕಿಯ ಪಿನ್ ಇಟ್ಟುಕೊಳ್ಳಿ, ‘ಲಿಂಕ್ಡ್ ಡಿವೈಸಸ್’ನಲ್ಲಿ ಅಪರಿಚಿತ ಯಂತ್ರವಿದ್ದರೆ ಹೊರಹಾಕಿ. ಡಯಲ್ ಪುಟದಲ್ಲಿ *#21# ಒತ್ತಿದರೆ ನಿಮ್ಮ ಕರೆಗಳು ಬೇರೆ ಸಂಖ್ಯೆಗೆ ತಿರುಗುತ್ತಿವೆಯೇ ಎಂಬುದು ತಿಳಿಯುತ್ತದೆ. ತಿರುಗುತ್ತಿದ್ದರೆ ##002# ಒತ್ತಿ ರದ್ದು ಮಾಡಿ.

‘ನಿಮ್ಮ ಮೊಬೈಲಿನಲ್ಲಿ 13 ವೈರಸ್ ಪತ್ತೆ’ ಎಂದು ದಿನವಿಡೀ ಎಚ್ಚರಿಕೆ ಬರುತ್ತಿದೆ ಎಂದು ಹಲವರು ಬರುತ್ತಾರೆ. ಬಹುಪಾಲು ಅದು ವೈರಸ್ ಅಲ್ಲ. ಯಾವುದೋ ತಾಣ ‘ನೋಟಿಫಿಕೇಷನ್ ಕಳಿಸಲೇ?’ ಎಂದು ಕೇಳಿದಾಗ ಒಪ್ಪಿಕೊಂಡ ಫಲ. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಷನ್ಸ್ ಎಂಬಲ್ಲಿ ಆ ತಾಣವನ್ನು ಆಫ್ ಮಾಡಿದರೆ ಹದಿಮೂರು ವೈರಸ್ಸೂ ಒಟ್ಟಿಗೆ ಮಾಯ. ಇದಕ್ಕೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ.

ಐದನೆಯ ಹೆಜ್ಜೆ: ಕಂಪ್ಯೂಟರ್, ಮತ್ತು ನನ್ನದೇ ಒಂದು ಪೆಟ್ಟು

ಊರಿಗೆ ಬುದ್ಧಿ ಹೇಳುವ ನಾನೂ ಕಳೆದುಕೊಂಡಿದ್ದೇನೆ. ವಿನ್ಯಾಸದ ತಂತ್ರಾಂಶವೊಂದಕ್ಕೆ ದುಡ್ಡು ಕೊಡುವ ಮನಸ್ಸಾಗದೆ ಬಿಟ್ಟಿ ‘ಕ್ರ್ಯಾಕ್’, ಅಂದರೆ ಬೀಗ ಮುರಿದ ಕಳ್ಳ ಪ್ರತಿ, ಇಳಿಸಿಕೊಂಡೆ. ಹಾಕುವಾಗ ಆ್ಯಂಟಿವೈರಸ್ ಆರಿಸಿ ಎಂದು ಸೂಚನೆ ಇತ್ತು, ಆರಿಸಿದೆ. ಕಳ್ಳನೇ ‘ನಾಯಿ ಕಟ್ಟಿಹಾಕಿ’ ಎಂದರೆ ಕಟ್ಟಿಹಾಕಿದ ಹಾಗೆ. ಮರುದಿನ ಬೆಳಿಗ್ಗೆ ಪ್ರತಿ ಫೈಲಿನ ಬಾಲವೂ ಬದಲಾಗಿತ್ತು, ತೆರೆಯಬೇಕಾದರೆ ಹಣ ಕಟ್ಟು ಎಂಬ ಚೀಟಿ ಬಿದ್ದಿತ್ತು. ಆರು ವರ್ಷದ ಲಗ್ನಪತ್ರಿಕೆಗಳ ಮಾದರಿಗಳು ಹೋದವು. ಹಣ ಕಟ್ಟಲಿಲ್ಲ, ಕಟ್ಟಿದರೂ ಮರಳುತ್ತದೆಂಬ ಭರವಸೆಯಿಲ್ಲ.

ಅಂದಿನಿಂದ ಬ್ಯಾಕಪ್ ಹಾರ್ಡ್‌ಡಿಸ್ಕೊಂದನ್ನು ಪ್ರತಿ ಶನಿವಾರ ಸಂಜೆ ಸಿಕ್ಕಿಸಿ, ನಕಲು ಮುಗಿದ ಕೂಡಲೇ ಕಿತ್ತು ಬೀರುವಿನಲ್ಲಿಡುತ್ತೇನೆ. ಕಿತ್ತಿಡುವುದೇ ಮುಖ್ಯ. ಸದಾ ಸಿಕ್ಕಿಸಿದ ಡಿಸ್ಕನ್ನೂ ಇಂಥ ವೈರಸ್ ಬಿಡುವುದಿಲ್ಲ. ಕನ್ನಡ ಟೈಪಿಂಗಿಗೆ ಬೇಕಾದ ನುಡಿ ತಂತ್ರಾಂಶವಂತೂ ಉಚಿತ. ಅದಕ್ಕೂ ಸಿಕ್ಕಸಿಕ್ಕ ತಾಣಗಳಿಗೆ ಹೋಗುವವರನ್ನು ಕಂಡರೆ ಏನು ಹೇಳಲಿ.

ಅಪ್‌ಡೇಟುಗಳನ್ನು ಮುಂದೂಡಬೇಡಿ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಸುಲಿಗೆ ವೈರಸ್ ಜಗತ್ತನ್ನು ಸುತ್ತಿತು. ಅದು ನುಗ್ಗಿದ ಕಿಂಡಿಯನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲಿಯೇ ಮುಚ್ಚಿ ಅಪ್‌ಡೇಟ್ ಕೊಟ್ಟಿತ್ತು. ಪೆಟ್ಟು ತಿಂದವರಲ್ಲಿ ಹೆಚ್ಚಿನವರು ಎರಡು ತಿಂಗಳು ‘ನಾಳೆ’ ಎಂದವರು. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರಲ್ಲೇ ಇರುವವರು ಬ್ಯಾಂಕಿನ ಕೆಲಸಕ್ಕೆ ಆ ಯಂತ್ರ ಬಳಸದಿರುವುದು ಒಳ್ಳೆಯದು. ಆ್ಯಂಟಿವೈರಸ್ ಕೊಳ್ಳಬೇಕೇ ಎಂದು ಕೇಳುತ್ತಾರೆ. ವಿಂಡೋಸಿನ ಜೊತೆಗೇ ಬರುವ ಡಿಫೆಂಡರ್ ಮನೆಬಳಕೆಗೆ ಸಾಕು, ಅದನ್ನು ನನ್ನ ಹಾಗೆ ಆರಿಸದಿದ್ದರೆ.

ಹೊಸದೊಂದು ಮೋಸ ಬಂದಿದೆ. ‘ನೀವು ಮನುಷ್ಯರೆಂದು ಸಾಬೀತುಪಡಿಸಿ’ ಎನ್ನುವ ಪುಟ; ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿ, ಕಂಟ್ರೋಲ್ ವಿ ಒತ್ತಿ, ಎಂಟರ್ ಒತ್ತಿ ಎನ್ನುತ್ತದೆ. ಹಾಗೆ ಮಾಡಿದರೆ ಆ ಪುಟ ಗುಟ್ಟಾಗಿ ನಕಲು ಮಾಡಿಟ್ಟ ಆಜ್ಞೆಯನ್ನು ನಿಮ್ಮ ಕೈಯಿಂದಲೇ ನಡೆಸಿದಂತೆ. ಯಾವ ಪ್ರಾಮಾಣಿಕ ತಾಣವೂ ಇದನ್ನು ಕೇಳುವುದಿಲ್ಲ. ತೆರೆ ತುಂಬ ಕೆಂಪು ಎಚ್ಚರಿಕೆ ಬಂದು ‘ಈ ಸಂಖ್ಯೆಗೆ ಕರೆ ಮಾಡಿ’ ಎಂದರೆ ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿಯಿರಿ, ನಂತರ ಆಲ್ಟ್ ಮತ್ತು ಎಫ್4. ಅದು ಬರಿಯ ಒಂದು ಪುಟ.

ಪೆನ್‌ಡ್ರೈವ್ ಬಗ್ಗೆ ನಮ್ಮಂಥ ಅಂಗಡಿಯವರು ಹೇಳಿದರೆ ತಮಾಷೆಯಾದೀತು, ಆದರೂ ಹೇಳುತ್ತೇನೆ: ನಮ್ಮನ್ನು ನಂಬಬೇಡಿ. ದಿನಕ್ಕೆ ಎಷ್ಟೋ ಪೆನ್‌ಡ್ರೈವ್ ನಮ್ಮ ಯಂತ್ರಕ್ಕೆ ಸಿಕ್ಕಿಸಲ್ಪಡುತ್ತವೆ. ಮನೆಗೆ ಹೋದ ಮೇಲೆ ಫೋಲ್ಡರುಗಳೆಲ್ಲ ಬಾಣದ ಗುರುತಿನ ಶಾರ್ಟ್‌ಕಟ್ ಆಗಿ ಕಂಡರೆ ಒತ್ತಬೇಡಿ, ಮೊದಲು ಡಿಫೆಂಡರಿನಿಂದ ಸ್ಕ್ಯಾನ್ ಮಾಡಿ. ನಿಮ್ಮ ಫೈಲುಗಳು ಸಾಮಾನ್ಯವಾಗಿ ಅಲ್ಲೇ ಅಡಗಿರುತ್ತವೆ. ಅಂಗಡಿಯ ಕಂಪ್ಯೂಟರಿನಲ್ಲಿ ವಾಟ್ಸ್‌ಆ್ಯಪ್ ವೆಬ್ ತೆರೆದಿದ್ದರೆ ಲಾಗ್‌ಔಟ್ ಮಾಡಿ, ಇಳಿಸಿದ ಆಧಾರ್ ಪ್ರತಿಯನ್ನು ನಿಮ್ಮ ಕಣ್ಣೆದುರೇ ಅಳಿಸಲು ಹೇಳಿ. ಬೇಸರ ಮಾಡಿಕೊಳ್ಳುವ ಅಂಗಡಿಯವನ ಬಳಿ ಇನ್ನೊಮ್ಮೆ ಹೋಗಬೇಡಿ.

ಒತ್ತಿಬಿಟ್ಟಿದ್ದರೆ

ಲಿಂಕ್ ತೆರೆದು ಏನೂ ತುಂಬದೆ ಮುಚ್ಚಿದ್ದರೆ ಸಾಮಾನ್ಯವಾಗಿ ಅಪಾಯವಿಲ್ಲ. ಪಾಸ್‌ವರ್ಡ್ ಕೊಟ್ಟಿದ್ದರೆ ಬೇರೊಂದು ಯಂತ್ರದಿಂದ ತಕ್ಷಣ ಬದಲಿಸಿ. ಆ್ಯಪ್ ಹಾಕಿಕೊಂಡಿದ್ದರೆ ಮೊದಲು ಏರೋಪ್ಲೇನ್ ಮೋಡ್, ವೈಫೈ ಕೂಡ ಬಂದ್. ಸಂಪರ್ಕ ಕಡಿದರೆ ಒಟಿಪಿ ಸಾಗುವುದಿಲ್ಲ. ಪಕ್ಕದವರ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆ ತಡೆಹಿಡಿಸಿ. ಹಣ ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕದ್ದ ಹಣ ಖಾತೆಯಿಂದ ಖಾತೆಗೆ ಹಾರುತ್ತಿರುತ್ತದೆ. ದೂರು ಬೇಗ ದಾಖಲಾದಷ್ಟೂ ನಡುವೆ ಎಲ್ಲಾದರೂ ತಡೆಯುವ ಸಾಧ್ಯತೆ ಹೆಚ್ಚು. ಮೊದಲು ಮನೆಯವರಿಗೆ ಹೇಗೆ ಹೇಳಲಿ ಎಂದು ಅರ್ಧ ದಿನ ಯೋಚಿಸುವವರೇ ಹೆಚ್ಚು ಕಳೆದುಕೊಳ್ಳುತ್ತಾರೆ.

ಆಮೇಲೆ ಸಂದೇಶ, ಸಂಖ್ಯೆ, ಫೈಲಿನ ಹೆಸರುಗಳನ್ನು ಇನ್ನೊಂದು ಫೋನಿನಿಂದ ಚಿತ್ರ ತೆಗೆದಿಟ್ಟುಕೊಳ್ಳಿ. ಆ ಆ್ಯಪ್‌ಗೆ ಕೊಟ್ಟ ಆ್ಯಕ್ಸೆಸಿಬಿಲಿಟಿ, ಡಿವೈಸ್ ಅಡ್ಮಿನ್ ಅನುಮತಿಗಳನ್ನು ಹಿಂಪಡೆದು ನಂತರ ಅನ್‌ಇನ್‌ಸ್ಟಾಲ್ ಮಾಡಿ. ಜಗ್ಗದಿದ್ದರೆ, ನಾವು ಹಾಕಿಕೊಂಡ ಆ್ಯಪ್‌ಗಳು ನಡೆಯದ ಸೇಫ್ ಮೋಡ್‌ನಲ್ಲಿ ಪ್ರಯತ್ನಿಸಿ. ಅದಕ್ಕೂ ಬಗ್ಗದಿದ್ದರೆ ಫೋನಿನಲ್ಲಿರುವುದನ್ನೆಲ್ಲ ಅಳಿಸುವ ಫ್ಯಾಕ್ಟರಿ ರೀಸೆಟ್. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ಅಥವಾ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಸಂಖ್ಯೆ ಪಡೆಯಿರಿ. ಬ್ಯಾಂಕಿಗೂ ಲಿಖಿತವಾಗಿ ತಿಳಿಸಿ: ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಹೊರಗಿನವರಿಂದ ಆದ ನಷ್ಟವನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಹೊಣೆ ನಿಮ್ಮದಲ್ಲ ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳಿತ್ತು. ಒಟಿಪಿ ನೀವೇ ಕೊಟ್ಟಿದ್ದರೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ನಂತರದ್ದು ಬ್ಯಾಂಕಿನದು ಎಂದೂ ಅದರಲ್ಲಿತ್ತು. ಹಣ ಹೋಗದೆ ಬರಿಯ ಮೋಸದ ಸಂದೇಶ ಬಂದಿದ್ದರೂ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದ ಚಕ್ಷು ವಿಭಾಗದಲ್ಲಿ ವರದಿ ಮಾಡಬಹುದು.

ಅಂದು ಗೌಡರ ಫೋನಿಗೆ ಇದಿಷ್ಟನ್ನೂ ಮಾಡಿದೆ. ಕೈ ನಡುಗಿಸುತ್ತಲೇ ನನ್ನ ಫೋನಿನಿಂದ ಬ್ಯಾಂಕಿಗೆ ಮಾತನಾಡಿದ ಅವರಿಗೆ ಆ ಕಡೆಯಿಂದ ಸಮಾಧಾನದ ಉತ್ತರ ಬಂತು: ಒಂದು ರೂಪಾಯಿಯೂ ಹೋಗಿಲ್ಲ. ಆಮೇಲೆ ಕಾರಣ ತಿಳಿಯಿತು. ಖಾತೆಗೆ ಜೋಡಿಸಿದ್ದ ಸಂಖ್ಯೆಯ ಸಿಮ್ ಇದ್ದದ್ದು ಅವರ ಪಂಚೆಯ ಮಡಿಕೆಯೊಳಗಿನ ಹಳೆಯ ಕೀಪ್ಯಾಡ್ ಫೋನಿನಲ್ಲಿ. ಒಟಿಪಿಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಕಳ್ಳ ಕಾದು ಕುಳಿತದ್ದು ಈ ದೊಡ್ಡ ಫೋನಿನಲ್ಲಿ. ಗೌಡರು ಆ ಕೀಪ್ಯಾಡ್ ಫೋನನ್ನು ಇನ್ನೂ ಬದಲಿಸಿಲ್ಲ. ಬದಲಿಸಿ ಎಂದು ನಾನೂ ಹೇಳಿಲ್ಲ.